ಎಣ್ಣೆಗೆ ಜಾಗ

ಅರ್ಜಿಗಳ ಜೊತೆ ಒಂದು ಹಾಳೆ ಕಳಿಸಿದ್ದಾರೆ ಮೈಸೂರಿನ ಸಲಹೆಗಾರರು,
ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಬೇಕಂತೆ:
ಕೆಲಸ, ಅನುಭವ, ಮಾತುಕತೆ,
ಕೊನೆಯ ಸಾಲು, ‘ಸಂಸ್ಥೆಗೆ ಹೊಂದಿಕೊಳ್ಳುವರೇ?’

ಸಂಸ್ಥೆ ಅಂದರೆ ಏನು,
ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಶೀಟು ಹೊದ್ದ ಒಂದು ಶೆಡ್ಡು,
ನಾಲ್ಕು ಲೇತು, ಒಂದು ಮಿಲ್ಲಿಂಗು,
ಹನ್ನೊಂದು ಜನಕ್ಕೆ ಹನ್ನೆರಡು ಟೀ ಲೋಟ,
ಯಾರೂ ಸಾಕದಿದ್ದರೂ ಬಿಟ್ಟು ಹೋಗದ ಬೆಕ್ಕು.
ನವರಾತ್ರಿ ಕಳೆದರೆ ಸಾಕು,
ಮೂಡಿಗೆರೆಯಿಂದ, ಸಕಲೇಶಪುರದಿಂದ
ಕಾಫಿ ಪಲ್ಪರುಗಳು ಜೀಪಿನ ಬೆನ್ನೇರಿ ಬರುತ್ತವೆ,
ಸವೆದ ಶಾಫ್ಟು, ಕಿವುಡಾದ ಬೇರಿಂಗು.
ಹಣ್ಣು ಕೆಂಪಾಗುವುದರೊಳಗೆ ಆಗಬೇಕು ಅಂತ
ಸಾಹುಕಾರರ ಫೋನು ದಿನಕ್ಕೆ ಮೂರು.
ಅದಕ್ಕೇ ಇನ್ನೊಬ್ಬ ಟರ್ನರ್ ಬೇಕು.

ಮೊದಲು ಬಂದವನು ಯೋಗಾನಂದ,
ಇಸ್ತ್ರಿ ಮಡಿಕೆ ಮುರಿಯದ ಅಂಗಿ.
ರಾತ್ರಿ ಪಾಳಿ?
ಆಯ್ತು ಸಾರ್.
ಭಾನುವಾರ?
ಆಯ್ತು ಸಾರ್.
ಆರು ತಿಂಗಳು ಇಷ್ಟೇ ಸಂಬಳ?
ಆಯ್ತು ಸಾರ್.
ಈ ಡ್ರಾಯಿಂಗಿನಲ್ಲಿ ಒಂದು ತಪ್ಪಿದೆ ನೋಡು, ಅಂದೆ. ಇರಲಿಲ್ಲ.
ಬಗ್ಗಿ ನೋಡಿ, ಹೌದು ಸಾರ್ ಇದೆ, ಅಂದ.
ಕೊನೆಯ ಸಾಲಿಗೆ ಹತ್ತಕ್ಕೆ ಹತ್ತು ಬರೆದೆ.
ಬರೆದ ಕೈ ಯಾಕೋ ಒರೆಸಿಕೊಳ್ಳಬೇಕು ಅನ್ನಿಸಿತು.

ಆಮೇಲೆ ಕೋಮಲಾ ಡಿ. ಎಸ್., ಐಟಿಐ, ಎರಡು ವರ್ಷ ತುಮಕೂರಿನಲ್ಲಿ ಕೆಲಸ.
ಮುಂಗೈ ತುಂಬ ಬಿಸಿ ಸುರುಳಿ ಸಿಡಿದ ಕಪ್ಪು ಚುಕ್ಕಿ.
ಕುರ್ಚಿಯ ಅಂಚಿಗೆ ಕೂತು
ನನ್ನ ಮಾತಿಗಿಂತ ಶೆಡ್ಡಿನ ಸದ್ದಿಗೇ ಕಿವಿ ಕೊಟ್ಟಿದ್ದಳು.
ಯಾವ ಕಡೆಯವಳಮ್ಮ?
ದುದ್ದದ ಕಡೆ ಸಾರ್.
ದುದ್ದದಲ್ಲಿ ಯಾರ ಪೈಕಿ?

ಆಗಲೇ ಕರೆಂಟು ಹೋಯಿತು.
ಲೇತುಗಳು ಒಂದೊಂದಾಗಿ ತಣ್ಣಗಾದವು,
ನನ್ನ ಪ್ರಶ್ನೆ ಮಾತ್ರ ಮೇಜಿನ ಮೇಲೆ ಉಳಿಯಿತು.
ಕೇಳಬೇಕು ಅಂತ ಕೇಳಿದ್ದಲ್ಲ.
ಬಾಡಿಗೆಗೆ ಮನೆ ಕೊಡುವಾಗ, ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರ,
ಎಲೆಗೆ ಸುಣ್ಣ ಸವರಿದಷ್ಟು ಸಲೀಸಾಗಿ
ತಾನೇ ಬರುತ್ತದೆ ಅದು ನಮ್ಮ ಬಾಯಿಗೆ.

‘ಅದೂ ಆ ಹಾಳೆಯಲ್ಲಿದೆಯಾ ಸಾರ್?’
ಒರಟಾಗಿ ಅಲ್ಲ. ಶಾಫ್ಟಿನ ಅಳತೆ ಕೇಳಿದ ಹಾಗೆ.

ಇಲ್ಲ, ಅಂದೆ.
ಇತ್ತು. ಕೊನೆಯ ಸಾಲಿನಲ್ಲಿ, ಬೇರೆ ಅಕ್ಷರ ಹಾಕಿಕೊಂಡು.

ಪೆನ್ಶನ್ ಮೊಹಲ್ಲಾದ ವಾಜಿದ್ ಮೇಸ್ತ್ರಿ
ನನ್ನನ್ನು ಏನೂ ಕೇಳದೆ ಸೇರಿಸಿಕೊಂಡಿದ್ದರು,
ಹದಿನೇಳಕ್ಕೆ, ಕೈಗೆ ಒಂದು ಅರ ಕೊಟ್ಟು.
ನಾನು ಮಾಡಿದ ಮೊದಲ ಬುಶ್ಶು
ಶಾಫ್ಟಿನ ಮೇಲೆ ಕೂದಲೂ ನುಗ್ಗದ ಹಾಗೆ ಕೂತಿತ್ತು.
ಹೆಮ್ಮೆಯಿಂದ ಒಯ್ದು ತೋರಿಸಿದೆ.
ತಿರುಗಿಸು, ಅಂದರು. ತಿರುಗಲಿಲ್ಲ.
ಬೀಡಿ ಆರಿಸಿ, ಮೆಲ್ಲಗೆ,
‘ಎಣ್ಣೆಗೆ ಜಾಗ ಎಲ್ಲಿ ಬಿಟ್ಟೆ?’

ಕರೆಂಟು ಬಂತು.
ಮೂರನೇ ಲೇತು ಎಂದಿನಂತೆ ನರಳುತ್ತಾ ಎದ್ದಿತು.
ಹುಡುಗಿ ತಟ್ಟನೆ ತಲೆ ಎತ್ತಿ,
‘ಅದರ ಹೆಡ್‌ಸ್ಟಾಕಿನಲ್ಲಿ ಬೇರಿಂಗ್ ಒಣಗಿದೆ ಸಾರ್,
ಹೀಗೇ ಬಿಟ್ಟರೆ ಸ್ಪಿಂಡಲ್ಲೇ ಹೋಗುತ್ತೆ.’

ಎಂಟು ತಿಂಗಳಿಂದ
ನಾವು ಹನ್ನೊಂದು ಜನ
ಆ ಸದ್ದಿಗೆ ಹೊಂದಿಕೊಂಡಿದ್ದೆವು.

ಸೋಮವಾರ ಬಾ, ಅಂದೆ.
ಎದ್ದವಳು ಬಾಗಿಲಲ್ಲಿ ನಿಂತಳು:
ಇಲ್ಲಿ ಹೆಂಗಸರಿಗೆ ಟಾಯ್ಲೆಟ್ ಯಾವ ಕಡೆ?
ನಾನು ಬೆಕ್ಕಿನ ಮುಖ ನೋಡಿದೆ.

ಸಂಜೆ ಮೈಸೂರಿನಿಂದ ಫೋನು,
ಕೊನೆಯ ಸಾಲಿಗೆ ಎಷ್ಟು ಕೊಟ್ಟಿರಿ ಸಾರ್, ಖಾಲಿ ಬಿಡುವ ಹಾಗಿಲ್ಲ.
ಇರಿ ಸ್ವಲ್ಪ, ಅಂದೆ.
ಆ ಹಾಳೆಯ ಬೆನ್ನಿಗೇ ಲೆಕ್ಕ ಹಾಕುತ್ತಿದ್ದೆ,
ನಾಲ್ಕಡಿಗೆ ಐದಡಿ ಕೋಣೆ, ಒಂದು ಬಾಗಿಲು, ಒಳಗಿನಿಂದ ಚಿಲಕ,
ಇಟ್ಟಿಗೆ ಎಷ್ಟು ಬೇಕಾದೀತು ಅಂತ.